ಸಿಬಿಲ್ ಬಿದ್ದ ಗೃಹಸ್ಥ

ಸಿಬಿಲ್ ಬಿದ್ದ ಗೃಹಸ್ಥ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಧಾರಾಳವಾಗಿ ಸಿಗುತ್ತಾನೆ: ತೊಗರಿ, ಹತ್ತಿ ಬರುವ ಕಾಲಕ್ಕೆ ಅಡತ್ ಅಂಗಡಿಯ ಮುಂದೆ, ಉಳಿದ ಕಾಲದಲ್ಲಿ ಬ್ಯಾಂಕಿನ ಮೆಟ್ಟಿಲ ಮೇಲೆ. ಈ ಜಾತಿಯವರಲ್ಲಿ ಸ್ವಂತ ಸಾಲದಿಂದ ಕೆಟ್ಟವನು ಒಬ್ಬನೂ ಇಲ್ಲ. ಎಲ್ಲರೂ ಭಾವಮೈದುನನ ಟ್ರ್ಯಾಕ್ಟರಿಗೆ ಜಾಮೀನು ಬಿದ್ದು ಕೆಟ್ಟವರು. ಸಾಲಗಾರ ಕಂತು ತಪ್ಪಿಸಿದರೆ ಜಾಮೀನುದಾರನ ದಾಖಲೆಗೂ ಮಸಿ ಹತ್ತುವುದರಿಂದ ಈ ಮಾತನ್ನು ಸುಳ್ಳೆನ್ನಲು ಬರುವುದಿಲ್ಲ, ಆ ಟ್ರ್ಯಾಕ್ಟರ್ ಇವನ ಹೊಲದಲ್ಲೇ ನಿಂತಿದ್ದರೂ.

ಸಾಲ ತೀರಿಸುವವನ ನಂಬಿಕೆಗೆ ಸಿಬಿಲ್ ಸಂಸ್ಥೆ ಕೊಡುವ ಅಂಕ 300ರಿಂದ 900ರವರೆಗೆ. 750 ದಾಟಿದವನಿಗೆ ಮ್ಯಾನೇಜರು ಕುರ್ಚಿ ತೋರಿಸುತ್ತಾರೆ. ಇವನದು ಐನೂರರ ಆಜುಬಾಜು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರುವವರನ್ನು ಚಿಕ್ಕಂದಿನಿಂದ ನೋಡಿದವನಾದರೂ, ಇಲ್ಲಿ ಜಾರುವುದು ಸುಲಭ, ಏರುವುದು ನಿಧಾನ ಎಂಬುದನ್ನು ಇವನು ಒಪ್ಪುವುದಿಲ್ಲ. ಒಂದೇ ನೆಗೆತಕ್ಕೆ ತುದಿ ಮುಟ್ಟಬೇಕು. ಅದಕ್ಕೆ ಉಪಾಯ: ದೊಡ್ಡ ಫೀ ಇರುವ ಕ್ರೆಡಿಟ್ ಕಾರ್ಡು.

ಇವನು ಚೌಕಾಶಿ ಬಾರದವನಲ್ಲ. ತೊಗರಿ ತೂಕದಲ್ಲಿ ಸೂಟು ಎಂದು ಅರ್ಧ ಕಿಲೊ ಹೆಚ್ಚು ಕಡಿದರೆ ಇಡೀ ಬಜಾರು ನೆರೆಯುವಂತೆ ಕೂಗಾಡುತ್ತಾನೆ. ಆದರೆ ಏಜೆಂಟನು ಜಾಯಿನಿಂಗ್ ಫೀ 3,000 ಎಂದಾಗ ಸುಮ್ಮನೆ ತಲೆಯಾಡಿಸುತ್ತಾನೆ. "ಫೀ ಜಾಸ್ತಿ ಅದ ಅಂದ್ರ ಸಿಬಿಲ್ ಜಲ್ದಿ ಏರ್ತದರೀ" ಎಂಬುದು ಅವನ ಸಿದ್ಧಾಂತ. ಸಿಬಿಲ್ ಲೆಕ್ಕದಲ್ಲಿ ಫೀ ಎಂಬುದಕ್ಕೆ ಕಾಲಮ್ಮೇ ಇಲ್ಲ. ಅಲ್ಲಿ ನೋಡುವುದು ಬಿಲ್ಲು ಹೊತ್ತಿಗೆ ಕಟ್ಟಿದನೇ, ಲಿಮಿಟ್ಟಿನಲ್ಲಿ ಎಷ್ಟು ಬಳಸಿದ, ಖಾತೆ ಎಷ್ಟು ಹಳೆಯದು, ಎಷ್ಟು ಕಡೆ ಸಾಲ ಕೇಳಿದ ಎಂಬಂಥವನ್ನು. ಉಚಿತ ಕಾರ್ಡಿಗೂ ದುಬಾರಿ ಕಾರ್ಡಿಗೂ ಇಲ್ಲಿ ಒಂದೇ ಪಂಕ್ತಿ.

ಇನ್ನು ಲೆಕ್ಕ. 3,000ದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿ 3,540 ರೂಪಾಯಿ. ಕಾರ್ಡಿನ ಲಿಮಿಟ್ 20,000 ಎಂದಿಟ್ಟುಕೊಂಡರೆ, ಚಹಾದ ಪುಡಿ ಕೊಳ್ಳುವ ಮೊದಲೇ ಆರನೆಯ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಬಳಕೆ ಲಿಮಿಟ್ಟಿನ ನೂರಕ್ಕೆ ಮೂವತ್ತರೊಳಗೆ ಇರಲಿ ಎಂಬ ಸಲಹೆಯನ್ನು ಪಾಲಿಸಲು ಅವನಿಗೆ ಉಳಿಯುವುದು 2,460. ಮೊದಲ ಬಿಲ್ಲು ಬಂದಾಗ "ನಾ ಏನೂ ತಗೊಂಡೇ ಇಲ್ಲಲ್ರೀ, ಯಾಕ ಕಟ್ಟಲಿ?" ಎಂದು ಅದನ್ನು ಬದಿಗಿಡುತ್ತಾನೆ. ತಡವಾದದ್ದಕ್ಕೆ ದಂಡ ಬೀಳುತ್ತದೆ, ಬಡ್ಡಿ ಹತ್ತುತ್ತದೆ, ಸಿಬಿಲ್ ಏರಿಸಲು ತಂದ ಕಾರ್ಡು ಸಿಬಿಲ್ಲನ್ನು ಇನ್ನೂ ಇಳಿಸುತ್ತದೆ. ಬಡ್ಡಿ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ವರ್ಷಕ್ಕೆ 42. ನೂರಕ್ಕೆ ಮೂರರ ಸಾಹುಕಾರನಿಂದ ತಪ್ಪಿಸಿಕೊಂಡು ಬಂದವನಿಗೆ ಇದು ಒಳ್ಳೆಯ ಬಡ್ತಿ. ಫೀಗೆ ಪ್ರತಿಯಾಗಿ ವಿಮಾನ ನಿಲ್ದಾಣದ ಲಾಂಜ್ ಉಚಿತ ಎಂದು ಪುಸ್ತಿಕೆಯಲ್ಲಿದ್ದರೆ ಅದನ್ನು ಮನೆಮಂದಿಗೆಲ್ಲ ಓದಿ ಹೇಳುತ್ತಾನೆ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ.

ಅಗ್ಗದ ದಾರಿ ಇದೆ. ಬ್ಯಾಂಕಿನಲ್ಲಿ 25,000 ಠೇವಣಿ ಇಟ್ಟರೆ ಅದರ ಆಧಾರದ ಮೇಲೆ ಇಪ್ಪತ್ತು ಸಾವಿರದ ಸುಮಾರು ಲಿಮಿಟ್ಟಿನ ಕಾರ್ಡು ಸಿಗುತ್ತದೆ. ಇಂಥ ಕೆಲವಕ್ಕೆ ವಾರ್ಷಿಕ ಶುಲ್ಕವೂ ಇಲ್ಲ, ಠೇವಣಿಗೆ ಬಡ್ಡಿ ಬೇರೆ ಬರುತ್ತದೆ. ಇದನ್ನು ಹೇಳಿದರೆ ಅವನಿಗೆ ಅವಮಾನ: "ನನ್ನ ರೊಕ್ಕಕ್ಕ ನಾನೇ ಜಾಮೀನಾ?" ಊರಿಗೆಲ್ಲ ಜಾಮೀನು ಬಿದ್ದವನು ತನಗೆ ತಾನು ಬೀಳಲು ಹಿಂಜರಿಯುವುದು ಈ ಜಾತಿಯ ಮುಖ್ಯ ಲಕ್ಷಣ.

ಎರಡನೆಯ ಲಕ್ಷಣ ಭಯದ್ದು. ತನ್ನ ಸಿಬಿಲ್ ವರದಿ ತೆಗೆದು ನೋಡಿದರೆ ಅಂಕ ಇಳಿಯುತ್ತದೆಂದು ನೋಡುವುದೇ ಇಲ್ಲ. ತನ್ನ ವರದಿ ತಾನು ನೋಡಿದರೆ ಅಂಕಕ್ಕೆ ಏನೂ ಆಗದು, ಸಿಬಿಲ್ ಸೇರಿ ಸಾಲದ ಮಾಹಿತಿ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದೇ ಭಯಸ್ಥ ಶಹಾಪುರ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಐದು ಬ್ಯಾಂಕುಗಳಿಗೆ ಕಾರ್ಡಿನ ಅರ್ಜಿ ಹಾಕುತ್ತಾನೆ. ಅಂಕ ಇಳಿಸುವುದು ಇದು.

ಮೂರನೆಯದು ಸೆಟ್ಲ್‌ಮೆಂಟ್ ಪ್ರೇಮ. ಅರ್ಧ ಕಟ್ಟಿ ಮುಗಿಸಿದ ಹಳೆಯ ಸಾಲವನ್ನು ಗೆಲುವೆಂದು ತಿಳಿದು ಮಿಠಾಯಿ ಹಂಚುತ್ತಾನೆ; ದಾಖಲೆಯಲ್ಲಿ ಮಾತ್ರ 'ಸೆಟಲ್ಡ್' ಎಂಬ ಷರಾ ವರ್ಷಗಟ್ಟಲೆ ಕೂತಿರುತ್ತದೆ. ರೊಕ್ಕ ಕೊಟ್ಟರೆ ಅದನ್ನೂ ಅಳಿಸುತ್ತೇನೆನ್ನುವ ಏಜೆಂಟನಿಗೆ ಮತ್ತೊಂದಿಷ್ಟು ಕೊಡುತ್ತಾನೆ. ತಪ್ಪು ನಮೂದನ್ನು ತಿದ್ದಿಸಲು ಪುಕ್ಕಟೆ ದೂರು ಸಾಕು, ನಿಜವಾದದ್ದನ್ನು ಯಾವ ಏಜೆಂಟನೂ ಅಳಿಸಲಾರ.

ಕಾರ್ಡಿನ ನಿಯಮಗಳಲ್ಲಿ ಅವನಿಗೆ ಬಾಯಿಪಾಠ ಬರುವುದು ಒಂದೇ. ಬಾಕಿ ಇಲ್ಲದ ಗ್ರಾಹಕ ಮುಚ್ಚಿರೆಂದು ಕೇಳಿದ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಕಾರ್ಡು ಮುಚ್ಚದಿದ್ದರೆ ಅವನಿಗೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು, ಇದು 2022ರ ನಿಯಮ. ಎರಡನೆಯ ವರ್ಷದ ಫೀ ಬರುವ ಮುನ್ನ ಬಾಕಿ ಪೂರ್ತಿ ತೀರಿಸಿ, ಅರ್ಜಿ ಕೊಟ್ಟು, ಕ್ಯಾಲೆಂಡರಿನ ಮೇಲೆ ಎಂಟನೆಯ ಕೆಲಸದ ದಿನಕ್ಕೆ ಸುತ್ತು ಹಾಕಿ ಕೂಡುತ್ತಾನೆ. ಬ್ಯಾಂಕಿನವರು ಆರನೆಯ ದಿನವೇ ಮುಚ್ಚಿಬಿಡುತ್ತಾರೆ.