ಎಂಜಿನಿಯರರ ಊರಲ್ಲೊಂದು ಹೊಂಗೆ

ಮುದ್ದೇನಹಳ್ಳಿಯಲ್ಲಿ ಸಸಿ ನೆಡುವುದಕ್ಕಿಂತ ಅದರ ಜಾಗ ಗೊತ್ತುಮಾಡುವುದೇ ಕಷ್ಟ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಇಲ್ಲಿ ಎಲ್ಲರೂ ಅರ್ಧ ಎಂಜಿನಿಯರರೇ. ಮನೆ ಮುಂದೆ ಹೊಂಗೆಗೆಂದು ಗುಂಡಿ ತೋಡಿದ್ದೇ ತಡ, ಬೀದಿಯೇ ಸರ್ವೆಗೆ ಬಂತು. ಒಬ್ಬರು ಪಾಯಕ್ಕೆ ಬೇರು ನುಗ್ಗುತ್ತದೆ ಎಂದರು. ಇನ್ನೊಬ್ಬರು ಮಾತಿಲ್ಲದೆ ಕರೆಂಟಿನ ತಂತಿಯತ್ತ ಬೆರಳು ತೋರಿಸಿದರು. ಪಕ್ಕದ ಮನೆಯ ಅಜ್ಜಿಯದು ಬೇರೆಯೇ ತಕರಾರು: "ಹಾಕೋದು ಹಾಕ್ತೀಯ, ಹೂವಿನ ಮರ ಹಾಕಪ್ಪಾ."

ಅಜ್ಜಿಯ ಮನಸ್ಸಿನಲ್ಲಿದ್ದದ್ದು ಗುಲ್‌ಮೊಹರ್. ಮಡಗಾಸ್ಕರಿನಿಂದ ಬಂದ ಆ ಮರ ಮೇ ತಿಂಗಳಲ್ಲಿ ಕೆಂಪಾಗಿ ನಿಂತರೆ ನೋಡಲು ಚೆಂದವೇ. ಆದರೆ ಬಿಸಿಲು ಏರುವ ಮಾರ್ಚಿನಲ್ಲಿ ಬೋಳು, ಬಿರುಗಾಳಿ ಬಂದರೆ ಕೊಂಬೆ ನೆಲಕ್ಕೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದರು. ಅವರಿಗೆ ಊರು ತುಂಬ ಬೀದಿಗಳಿದ್ದವು, ನನಗಿದ್ದದ್ದು ಒಂದೇ ಗುಂಡಿ.

ಹೊಂಗೆಯೂ ಹೂವಿನ ಮರವೇ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಚಳಿ ಕಳೆಯುತ್ತಲೇ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಚಿಗುರು ಹೊದ್ದು ನಿಲ್ಲುತ್ತದೆ. ಆಮೇಲೆ ನಸುನೇರಳೆ ಬೆರೆತ ಬಿಳಿ ಹೂ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಯಾರೋ ಪುರಿ ಚೆಲ್ಲಿದ ಹಾಗೆ. ಮೇಲೆ ಜೇನಿನ ಗದ್ದಲ, ಕೆಳಗೆ ಪೊರಕೆ ಹಿಡಿದವರ ಗೊಣಗಾಟ. ಗುಡಿಸಿದ್ದನ್ನು ಗುಲಾಬಿ ಕುಂಡಕ್ಕೆ ಹಾಕಿದರೆ ಗೊಬ್ಬರದ ಖರ್ಚು ಉಳಿಯಿತು.

ಮೊದಮೊದಲು ಮಾತ್ರ ಆರೈಕೆ ಬೇಕು. ಕಹಿ ಎಲೆಯೆಂದು ಮೇಕೆ ಹೊಂಗೆಯನ್ನು ಅಷ್ಟಾಗಿ ಮೇಯುವುದಿಲ್ಲ ನಿಜ. ಆದರೆ ರುಚಿ ನೋಡದೆ ಬಿಡುವುದೂ ಇಲ್ಲ, ಆ ರುಚಿಗೇ ಸಸಿಯ ಕುಡಿ ಹೋಗಿರುತ್ತದೆ. ಸುತ್ತ ಜಾಲಿ ಮುಳ್ಳು ಕಟ್ಟಬೇಕು. ಇನ್ನು ನೀರು. ನಂದಿಬೆಟ್ಟದ ಸಾಲಿನಲ್ಲಿ ಪಿನಾಕಿನಿ ಹುಟ್ಟುತ್ತಾಳೆ, ಅರ್ಕಾವತಿ ಹುಟ್ಟುತ್ತಾಳೆ. ಹುಟ್ಟಿದವರು ನಮಗೊಂದು ಮಾತೂ ಹೇಳದೆ ಹೊರಟುಹೋಗುತ್ತಾರೆ. ಮಂಡ್ಯಕ್ಕೆ ಕನ್ನಂಬಾಡಿ ಕಟ್ಟಿಸಿದ ದಿವಾನರ ತಾಲ್ಲೂಕಿನಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಹಾಗಾಗಿ ನಮ್ಮ ಹೊಂಗೆ ಅಕ್ಕಿ ತೊಳೆದ ನೀರು ಕುಡಿದೇ ಮೊದಲ ಬೇಸಿಗೆಗಳನ್ನು ದಾಟಿತು. ತಾಯಿಬೇರು ಆಳಕ್ಕಿಳಿದ ಮೇಲೆ ಅದು ನಮ್ಮನ್ನು ಕೇಳುವುದನ್ನೇ ಬಿಟ್ಟಿತು.

ಎಲೆಯ ಮೇಲೆ ಗಂಟುಗಂಟಾಗಿ ಬಂದಾಗ ಬೀದಿಯವರೆಲ್ಲ ಔಷಧಿ ಹೇಳಿದರು. ಅದು ನುಸಿಯ ಕೆಲಸ, ಹೊಂಗೆಗೆ ಮಾಮೂಲು. ಮರ ತಲೆ ಕೆಡಿಸಿಕೊಳ್ಳಲಿಲ್ಲ. ತಂತಿಯ ನೆಪದಲ್ಲಿ ತುದಿ ಸವರಿಸಿಕೊಂಡಾಗಲೂ ಅಷ್ಟೆ, ಪಕ್ಕದಿಂದ ಚಿಗುರಿ ಇನ್ನಷ್ಟು ಅಗಲವಾಯಿತು. ಈಗ ಅದರ ನೆರಳಲ್ಲಿ ಎಲ್ಲರಿಗಿಂತ ಮೊದಲು ಬೈಕ್ ತಂದು ನಿಲ್ಲಿಸುವವರು ಆ ಪಾಯದ ಪರಿಣತರೇ.

ನಿಮಗೂ ಮನಸ್ಸಿದ್ದರೆ ಬೀಜಕ್ಕೆ ದುಡ್ಡು ಕೊಡಬೇಡಿ. ಯಾವುದಾದರೂ ಹೊಂಗೆಯ ಬುಡದಲ್ಲಿ ಕಾಯಿ ಬಿದ್ದಿರುತ್ತದೆ. ಈ ವರ್ಷದ್ದೇ ಆಗಲಿ, ಹಳೆಯದು ಸರಿಯಾಗಿ ಮೊಳೆಯುವುದಿಲ್ಲ. ಮುಂಗಾರು ಹಿಡಿದ ಮೇಲೆ ಊರಿ. ತಂತಿಯಿಂದ ದೂರವಿರಲಿ.