ಅತಿಥಿ ಬಂದ್ರು, ದಾರಿ ಬಿಡ್ರಿ!

ಕಾಚಿಗುಡದ ಇರಾನಿ ಹೋಟೆಲಿನಲ್ಲಿ ಪಾಟೀಲರು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ನಗರಾಡಳಿತವನ್ನು ಹೊಗಳುತ್ತಿದ್ದರು.

“ರಾಯರ, ನಿರಾಶ್ರಿತರ ಸಮಸ್ಯಾ ಹ್ಯಾಂಗ ಬಗೆಹರಿಸಬೇಕಂತ ನಮ್ಮ ಹೈದರಾಬಾದ್ 2017ರಾಗೇ ತೋರಿಸ್ಯದ. ನವೆಂಬರಿನಾಗ ಅಮೆರಿಕಾ ಅಧ್ಯಕ್ಷರ ಮಗಳು ಇವಾಂಕಾ ಟ್ರಂಪ್ ಬರೋರಿದ್ರು. ಪೊಲೀಸ್ ಕಮಿಷನರ್ ಮಹೇಂದರ್ ರೆಡ್ಡಿಯವರು ಎರಡು ತಿಂಗಳು ಭಿಕ್ಷಾಟನೆ ನಿಷೇಧಿಸಿದ್ರು. ಚೌಕೆಲ್ಲಾ ಖಾಲಿ!”

“ಮಂದಿ ಎಲ್ಲಿ ಹೋದ್ರು?”

“ಗಂಡಸರು ಚಂಚಲಗುಡಕ್ಕ, ಹೆಂಗಸರು ಚರ್ಲಪಲ್ಲಿಗೆ.”

“ಎರಡೂ ಜೈಲಲ್ಲೇನ್ರೀ?”

“ಜೈಲಲ್ರೀ, ಜೈಲಿನ ಆವರಣದಾಗಿನ ಆಶ್ರಯ!” ಪಾಟೀಲರು ತಿದ್ದಿದರು. “ಭಿಕ್ಷುಕರ ಸುಳಿವು ಕೊಟ್ಟೋರಿಗೆ ಜೈಲು ಇಲಾಖೆ 500 ರೂಪಾಯಿ ಬಹುಮಾನ ಸಾರಿತ್ತು.”

“ಭಿಕ್ಷುಕನ ಕೈಗೆ ಐದು ರೂಪಾಯಿ ಇಡೂದಕ್ಕಿಂತ ಅವನನ್ನ ಹಿಡಿಸಿಕೊಟ್ರ ಲಾಭ ಅಂದಂಗಾತು.”

“ಅದು ಸಾರ್ವಜನಿಕ ಸುರಕ್ಷತಾ! ಬಂಜಾರಾ ಹಿಲ್ಸ್‌ನಾಗ 2022ರಾಗ ಕಮಾಂಡ್ ಕಂಟ್ರೋಲ್ ಸೆಂಟರ್ ಸುರು ಆತು. ಊರಿನ ಕ್ಯಾಮೆರಾ ಎಲ್ಲಾ ಅಲ್ಲೇ ಕಾಣ್ತಾವ.”

“ಫುಟ್‌ಪಾತಿನ ಮ್ಯಾಲ ಮಲಗಿದವರೂ ಕಾಣ್ತಾರೇನು?”

ಪಾಟೀಲರು ಬಿಸ್ಕತ್ತು ಮುರಿದರು. “ಮನರಂಜನಾನೂ ಅದ. 2021ರಾಗ ಟ್ಯಾಂಕ್ ಬಂಡ್ ಮ್ಯಾಲ ರವಿವಾರ ಸಂಜೀ ಗಾಡಿ ನಿಲ್ಲಿಸಿ ‘ಸಂಡೇ ಫಂಡೇ’ ಮಾಡಿದ್ರು. ಹಾಡು, ತಿಂಡಿ, ಜಾತ್ರಿ!”

“ಜಾತ್ರಿ ಮುಗಿದ ಮ್ಯಾಲ ಮನೀ ಇಲ್ಲದವರು ಎಲ್ಲಿಗೆ ಹೋಗಬೇಕ್ರೀ?”

ಪಾಟೀಲರು ಬಿಲ್ಲು ತರಲು ಕೂಗಿದರು.

ಸುಪ್ರೀಂ ಕೋರ್ಟ್ 2010ರಲ್ಲೇ ಅಳತೆ ಹಾಕಿಕೊಟ್ಟಿದೆ: ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯತಾಣ, ವರ್ಷವಿಡೀ, 24 ಗಂಟೆ. 2011ರ ಜನಗಣತಿಯ ವೇಳೆಗೆ ಗ್ರೇಟರ್ ಹೈದರಾಬಾದಿನ ಜನಸಂಖ್ಯೆ 67 ಲಕ್ಷ ದಾಟಿತ್ತು. ಈ ಲೆಕ್ಕಕ್ಕೆ ವಿದೇಶಿ ಅತಿಥಿ ಬರುವವರೆಗೆ ಕಾಯಬೇಕಿಲ್ಲ.