ಬೂದಿಯಾಗುವ ಮೊದಲೇ ನೀರು ಹಾಕಿ: ಮಾಸೂರು ಸೀಮೆಯ ರೈತರಿಗೊಂದು ಬಹಿರಂಗ ಪತ್ರ

ಮಾಸೂರು, ರಟ್ಟೀಹಳ್ಳಿ, ಹಿರೇಕೆರೂರು ಕಡೆಯ ಅಣ್ಣಂದಿರೇ, ಅಕ್ಕಂದಿರೇ,

ಗೋವಿನಜೋಳ ಒಕ್ಕಿ ಮುಗಿದರೆ ಕಣದ ಮಗ್ಗುಲಲ್ಲಿ ಬೆಂಡಿನ ಗುಡ್ಡೆ ಬೀಳುತ್ತದೆ. ಹತ್ತಿ ಬಿಡಿಸಿದ ಹೊಲದಲ್ಲಿ ಕಟ್ಟಿಗೆ ನಿಂತಿರುತ್ತದೆ. ಒಂದಿಷ್ಟು ಒಲೆಗೆ ಹೋಗುತ್ತದೆ, ಮಿಕ್ಕಿದ್ದಕ್ಕೆ ಬದುವಿನ ಮೇಲೆ ಬೆಂಕಿ. ಮುಂಗಾರು ಬಂದಾಗ ಅದೇ ಹೊಲಕ್ಕೆ ಗೊಬ್ಬರದ ಚೀಲ ಹೊರುತ್ತೇವೆ, ಮಣ್ಣಿನಲ್ಲಿ ಸತ್ವವಿಲ್ಲ ಎಂದು ಕೊರಗುತ್ತೇವೆ. ಬೆಂಕಿಯನ್ನೇ ಹಚ್ಚಬೇಡಿ ಎಂದು ನಾನು ಹೇಳುವುದಿಲ್ಲ. ಹಚ್ಚಿ, ಆದರೆ ಬೂದಿಯಾಗುವ ಮೊದಲೇ ಆರಿಸಿ.

ಬೆಂಡು ಬಯಲಲ್ಲಿ ಉರಿದರೆ ಅದರ ಇಂಗಾಲವೆಲ್ಲ ಗಾಳಿಪಾಲು. ಗಾಳಿ ಸಾಲದಂತೆ ಮಾಡಿ ನಾಲ್ಕೈದು ನೂರು ಡಿಗ್ರಿ ಕಾಯಿಸಿದರೆ, ಒಣ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇದ್ದಿಲು ಉಳಿಯುತ್ತದೆ. ಬೆಂಡಿನಲ್ಲಿದ್ದ ಇಂಗಾಲದ ಹೆಚ್ಚುಕಡಿಮೆ ಅರ್ಧ ಅದರಲ್ಲೇ ಇರುತ್ತದೆ. ಹೀಗೆ ಗಾಳಿ ಸಾಲದಂತೆ ಕಾಯಿಸುವುದಕ್ಕೇ ಪೈರಾಲಿಸಿಸ್ ಎನ್ನುತ್ತಾರೆ. ಈ ಇದ್ದಿಲು ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಅಮೆಜಾನ್ ಕಾಡಿನ ಜನ ಎರಡು ಸಾವಿರ ವರ್ಷಗಳ ಹಿಂದೆ ಮಣ್ಣಿಗೆ ಸೇರಿಸಿದ ಇದ್ದಿಲು ಇಂದಿಗೂ ಅಲ್ಲಿನ ಕಪ್ಪು ನೆಲದಲ್ಲಿದೆ. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯವರು ಸೊಪ್ಪುಸದೆಯ ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸಿ ತರಕಾರಿಗೆ ಸುಡುಮಣ್ಣು ಮಾಡಿಕೊಳ್ಳುವುದು ಇದರ ಹತ್ತಿರದ ಕೆಲಸವೇ.

ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರಿಡಾ, ಗೋವಿನಜೋಳದ ದಂಟು, ಹತ್ತಿ ಕಟ್ಟಿಗೆಗಳಿಗಾಗಿ ಹೊಲಕ್ಕೇ ಸಾಗಿಸಬಹುದಾದ ಡ್ರಮ್ಮಿನ ಭಟ್ಟಿಯನ್ನು ರೂಪಿಸಿದೆ. ಡ್ರಮ್ಮಿಲ್ಲದವರಿಗೆ ನೆಲದ ಗುಂಡಿ ಸಾಕು. ಮೇಲೆ ನಾಲ್ಕೈದು ಅಡಿ ಅಗಲ, ಮೂರಡಿ ಆಳ, ತಳಕ್ಕೆ ಹೋದಂತೆ ಕಿರಿದಾಗಬೇಕು. ತಳದಲ್ಲಿ ಸಣ್ಣ ಬೆಂಕಿ ಮಾಡಿ ಚೆನ್ನಾಗಿ ಒಣಗಿದ ಬೆಂಡು ಹರಡಿ. ಮೇಲಿನ ಬೆಂಡಿನ ಮೈಗೆ ಬಿಳಿ ಬೂದಿ ಹತ್ತತೊಡಗಿತೋ, ಅದೇ ಗುರುತು: ಕೂಡಲೇ ಇನ್ನೊಂದು ಪದರ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ತಾನೇ ಎಳೆದುಕೊಳ್ಳುವುದರಿಂದ ಕೆಳಗಿನದು ಉರಿಯದೆ ಇದ್ದಿಲಾಗುತ್ತದೆ. ಹೊಗೆ ದಟ್ಟವಾಗಿ ಬಂದರೆ ಹಸಿ ಇದೆ ಎಂದರ್ಥ. ಗುಂಡಿ ತುಂಬಿದ ಮೇಲೆ ಕೊಡಗಟ್ಟಲೆ ನೀರು ಸುರಿದು ಪೂರ್ತಿ ಆರಿಸಿ. ಒಳಗೊಂದು ಕೆಂಡ ಉಳಿದರೂ ರಾತ್ರಿ ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ಗಾಳಿ ಬೀಸಿದರೆ ಪಕ್ಕದ ಬಣವೆಗೂ ಅಪಾಯ. ಸರಿಯಾಗಿ ಬೆಂದ ಇದ್ದಿಲು ಮುರಿದರೆ ಚಟ್ಟನೆ ಮುರಿಯುತ್ತದೆ, ಕೈಗೆ ಹತ್ತಿದ ಕಪ್ಪು ಜಿಡ್ಡಿಲ್ಲದೆ ಬರೀ ನೀರಿಗೇ ಹೋಗುತ್ತದೆ.

ಇನ್ನು ಲೆಕ್ಕ. 100 ಕಿಲೊ ಕಾಳಿಗೆ ಸುಮಾರು 18 ಕಿಲೊ ಬೆಂಡು ಬರುತ್ತದೆ. ಎಕರೆಗೆ 20 ಕ್ವಿಂಟಲ್ ಬೆಳೆದವರಿಗೆ 360 ಕಿಲೊ ಬೆಂಡು, ಅದರಿಂದ ಒಂದು ಕ್ವಿಂಟಲ್ ಆಸುಪಾಸು ಇದ್ದಿಲು. ಎಕರೆಯ ತುಂಬ ಎರಚಿದರೆ ಕಣ್ಣಿಗೂ ಕಾಣದು. ಆದ್ದರಿಂದ ಮೆಣಸಿನ ಸಸಿ ಹಚ್ಚುವ ಸಾಲಿಗೆ, ಅಡಿಕೆ ಸಸಿಯ ಗುಂಡಿಗೆ ಮಾತ್ರ ಕೊಡಿ ಎಂಬುದು ನನ್ನ ಸಲಹೆ. ಅದನ್ನೂ ಹಾಗೆಯೇ ಹಾಕಬೇಡಿ. ಬರೀ ಇದ್ದಿಲು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಂಡು ಬೆಳೆ ಹಳದಿಯಾಗಬಹುದು. ಪುಡಿ ಮಾಡಿ, ದನದ ಕೊಟ್ಟಿಗೆಯಲ್ಲಿ ಹಾಸಿ, ಗಂಜಲ ಕುಡಿಸಿ, ಆಮೇಲೆ ತಿಪ್ಪೆಗೆ ಸೇರಿಸಿ ಕೆಲವು ವಾರ ಬಿಡಿ. ಪುಡಿ ಮಾಡುವಾಗ ತೇವ ಇರಲಿ, ಒಣ ಧೂಳು ಎದೆಗೆ ಕೆಟ್ಟದ್ದು.

ಇದು ಗೊಬ್ಬರಕ್ಕೆ ಬದಲಿ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಸಾರಜನಕದ ದೊಡ್ಡ ಪಾಲು ಬೆಂಕಿಯಲ್ಲೇ ಹೋಗಿರುತ್ತದೆ. ಇದ್ದಿಲಿನ ಕೆಲಸ ನೀರನ್ನೂ ಸತ್ವವನ್ನೂ ಹಿಡಿದಿಡುವುದು. ಅದು ಕ್ಷಾರ ಗುಣದ್ದು ಬೇರೆ. ಹುಳಿ ಅಂಶವಿರುವ ಕೆಂಪು ಮಸಾರಿಯಲ್ಲಿ ಗುಣ ಕಾಣಬಹುದು. ಮೊದಲೇ ಕ್ಷಾರವಾದ ಎರೆ ಹೊಲದಲ್ಲಿ ಉಪಯೋಗಕ್ಕಿಂತ ತೊಂದರೆಯೇ ಆಗಬಹುದು. ಮಣ್ಣು ಪರೀಕ್ಷೆಯ ಚೀಟಿ ನೋಡಿ ಮುಂದುವರಿಯಿರಿ. ಗೋವಿನಜೋಳದ ಮೇವು, ರವದಿ, ಭತ್ತದ ಹುಲ್ಲಿಗೆ ಕೈ ಹಚ್ಚಬೇಡಿ, ಅದು ದನದ ಪಾಲು, ಮುಚ್ಚಿಗೆಯ ಪಾಲು. ಬೇಗ ಕೊಳೆಯದ ಬೆಂಡು, ಹತ್ತಿ ಕಟ್ಟಿಗೆ ಸಾಕು. ಹತ್ತಿ ಕಟ್ಟಿಗೆಯನ್ನಂತೂ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ದಾಟದಂತೆ ಹೇಗೂ ತೆಗೆಯಲೇಬೇಕು.

ಕೆರೆಗಳ ಅಂತರಗಂಗೆ, ಪಾಚಿಯನ್ನೂ ಹೀಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಅಂತರಗಂಗೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಗರಿಗರಿಯಾಗಿ ಒಣಗುವವರೆಗೆ ದಡದಲ್ಲಿ ಬಿಸಿಲಿಗೆ ಹಾಕಬೇಕು. ಪಾಚಿಯ ಇದ್ದಿಲಿನಲ್ಲಿ ಇಂಗಾಲ ಕಡಿಮೆ, ಖನಿಜ ಹೆಚ್ಚು. ಕುಮುದ್ವತಿಯ ನೀರು ನಿಲ್ಲುವ ಮದಗದ ಕೆರೆಯಂಥ ಕಡೆ ಕಳೆ ಬಂದರೆ ಪ್ರಯತ್ನಿಸಬಹುದು. ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯದ್ದು ಮಾತ್ರ ಬೇಡ. ಸೀಸ, ಕ್ಯಾಡ್ಮಿಯಮ್‌ನಂಥ ಲೋಹಗಳು ಸುಟ್ಟರೂ ಮಾಯವಾಗುವುದಿಲ್ಲ, ಇದ್ದಿಲಿನಲ್ಲೇ ಉಳಿಯಬಹುದು.

ಈ ಸುಗ್ಗಿಯಲ್ಲಿ ಒಂದು ಗುಂಡಿ ತೋಡಿ. ಮಸಾರಿ ಹೊಲದ ಎರಡು ಸಾಲು ಮೆಣಸಿಗೆ ತಿಪ್ಪೆಯಲ್ಲಿ ಬೆರೆಸಿದ ಇದ್ದಿಲು, ಪಕ್ಕದ ಎರಡು ಸಾಲಿಗೆ ಬರೀ ತಿಪ್ಪೆ ಗೊಬ್ಬರ. ಮಳೆ ಕೈಕೊಟ್ಟ ವಾರ ಯಾವ ಸಾಲು ಮೊದಲು ಬಾಡಿತು ಎಂದು ಬರೆದಿಟ್ಟುಕೊಂಡು ಅಕ್ಕಪಕ್ಕದವರಿಗೂ ತಿಳಿಸಿ.

ಇಂತಿ,
ನಿಮ್ಮ ಸೀಮೆಯವನೇ ಆದ ಒಬ್ಬ ರೈತ